ಅಮೆರಿಕದಲ್ಲಿ ಹುಟ್ಟಿದರೆ ಸಾಕೇ?

ಅಮೆರಿಕದ ನೆಲದಲ್ಲಿ ಹುಟ್ಟಿದ ಮಗು ಅಮೆರಿಕದ ಪ್ರಜೆ. ಅಪ್ಪ ಅಮ್ಮ ಯಾವ ವೀಸಾದಲ್ಲಿ ಬಂದವರು ಎಂದು ಯಾರೂ ಕೇಳುತ್ತಿರಲಿಲ್ಲ. 2025ರ ಜನವರಿ 20ರಂದು, ಅಧಿಕಾರ ವಹಿಸಿಕೊಂಡ ದಿನವೇ, ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಇದನ್ನು ಬದಲಿಸುವ ಆದೇಶಕ್ಕೆ ಸಹಿ ಹಾಕಿದರು. ತಾಯಿ ಅಲ್ಲಿ ಅಕ್ರಮವಾಗಿ ಅಥವಾ ತಾತ್ಕಾಲಿಕ ವೀಸಾದಲ್ಲಿದ್ದು, ತಂದೆ ಅಲ್ಲಿನ ಪ್ರಜೆಯೂ ಅಲ್ಲ, ಗ್ರೀನ್ ಕಾರ್ಡ್ ಇದ್ದವರೂ ಅಲ್ಲ ಎಂದಾದರೆ ಮಗುವಿಗೆ ಪೌರತ್ವ ಇಲ್ಲ. ಟಿವಿಯಲ್ಲಿ ‘ಅಕ್ರಮ ವಲಸಿಗರು’ ಎಂಬ ಮಾತಷ್ಟೇ ಕೇಳಿದ ಅಮ್ಮಿ, ಇದು ನಮ್ಮ ಕಡೆಯವರಿಗಲ್ಲ ಬಿಡು ಎಂದರು. ಆದರೆ ಬೆಂಗಳೂರಿನಿಂದ ಎಚ್-1ಬಿ ವೀಸಾದಲ್ಲಿ ಹೋಗಿ ಅಲ್ಲಿ ತೆರಿಗೆ ಕಟ್ಟುತ್ತಿರುವ ದಂಪತಿಯ ಮಗುವೂ ಇದರಲ್ಲಿ ಬರುತ್ತದೆ. ಆದೇಶ ಜಾರಿಯಾಗುವ ಮೊದಲೇ ಕೆಳ ನ್ಯಾಯಾಲಯಗಳು ಅದನ್ನು ತಡೆದವು.

ವಾದವೆಲ್ಲ ಅಲ್ಲಿನ ಸಂವಿಧಾನದ 14ನೇ ತಿದ್ದುಪಡಿಯ ಒಂದು ಮಾತಿನ ಮೇಲೆ. ಗುಲಾಮಗಿರಿ ಮುಗಿದ ಮೇಲೆ, ಕಪ್ಪು ಜನರ ಪೌರತ್ವ ಗಟ್ಟಿಯಾಗಲೆಂದು 1868ರಲ್ಲಿ ತಂದ ತಿದ್ದುಪಡಿ ಅದು. ಅಲ್ಲಿ ಹುಟ್ಟಿ ಅಮೆರಿಕದ ‘ಅಧಿಕಾರ ವ್ಯಾಪ್ತಿಗೆ ಒಳಪಟ್ಟವರು’ ಪ್ರಜೆಗಳು ಎನ್ನುತ್ತದೆ. ವಿದೇಶಿ ರಾಯಭಾರಿಯ ಮಗು ಆ ವ್ಯಾಪ್ತಿಯಲ್ಲಿಲ್ಲ. ಇದನ್ನು ಎಲ್ಲರೂ ಒಪ್ಪುತ್ತಾರೆ. ತಾತ್ಕಾಲಿಕವಾಗಿ ಬಂದವರ ನಿಷ್ಠೆಯೂ ಬೇರೆ ದೇಶಕ್ಕೇ ಎಂಬುದು ಟ್ರಂಪ್ ಕಡೆಯ ವಾದ. ನನಗೆ ಇದು ಒಪ್ಪಿಗೆಯಾಗಲಿಲ್ಲ. ತಪ್ಪು ಮಾಡಿದರೆ ಅಲ್ಲಿನ ಜೈಲಿಗೇ ಹೋಗುವವರು ಆ ವ್ಯಾಪ್ತಿಯಿಂದ ಹೊರಗಿರುವುದು ಹೇಗೆ?

ವಾಂಗ್ ಕಿಮ್ ಆರ್ಕ್ ಎಂಬ ಅಡುಗೆಯವರ ಮೊಕದ್ದಮೆ ಇಲ್ಲಿ ಮುಖ್ಯ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಚೀನೀ ದಂಪತಿಗೆ ಹುಟ್ಟಿದವರು. 1895ರಲ್ಲಿ ಚೀನಾದಿಂದ ಮರಳಿದಾಗ, ನೀನು ಪ್ರಜೆಯಲ್ಲ ಎಂದು ಅವರನ್ನು ತಿಂಗಳುಗಟ್ಟಲೆ ಹಡಗಿನಲ್ಲೇ ಇರಿಸಿದರು. 1898ರಲ್ಲಿ ಸುಪ್ರೀಂ ಕೋರ್ಟ್ ಅವರು ಪ್ರಜೆಯೇ ಎಂದಿತು.

ಯುರೋಪಿನಲ್ಲಿ ಬರೀ ಹುಟ್ಟಿನಿಂದ ಪೌರತ್ವ ಸಿಗುವುದಿಲ್ಲ ಎನ್ನುವುದೂ ನಿಜ. ಐರ್ಲೆಂಡ್ 2004ರಲ್ಲಿ ಜನಮತ ಕೇಳಿ ಅದನ್ನು ಕೈಬಿಟ್ಟಿತು.

ನಾನು ಕಾಮರ್ಸ್ ವಿದ್ಯಾರ್ಥಿ, ವೋಚರ್ ಇಲ್ಲದೆ ಎಂಟ್ರಿ ಇಲ್ಲ ಎಂದು ಕಲಿತವನು. ಹುಟ್ಟಿದರೆ ಸಾಕು ಎಂಬಲ್ಲಿ ಜನನ ಪತ್ರವೊಂದೇ ವೋಚರ್. ನಿಯಮ ಬದಲಾದರೆ ತಂದೆ ತಾಯಿಯ ಕಾಗದವೂ ಬೇಕು, ಪ್ರಜೆಗಳ ಮಕ್ಕಳಿಗೂ. ನಮ್ಮ ದೇಶದಲ್ಲೂ ಮೊದಲು ಹುಟ್ಟಿದರೆ ಸಾಕಿತ್ತು. 1987ರ ಜುಲೈ 1ರಿಂದ ತಂದೆ ತಾಯಿಯಲ್ಲಿ ಒಬ್ಬರಾದರೂ ಭಾರತೀಯರಿರಬೇಕು ಎಂದಾಯಿತು. 2004ರ ಡಿಸೆಂಬರ್ 3ರಿಂದ ಇನ್ನೊಬ್ಬರು ಅಕ್ರಮ ವಲಸಿಗರಾಗಿರಬಾರದು ಎಂಬುದೂ ಸೇರಿತು. ನಮ್ಮ ತರಗತಿಯವರೆಲ್ಲ ಅದರ ನಂತರ ಹುಟ್ಟಿದವರು. ನನ್ನ ಪತ್ರ ಫೈಲಿನಲ್ಲಿದೆ, ಅಬ್ಬಾ ಅವರ ಶಾಲಾ ದಾಖಲೆಯೂ ಇದೆ. ದಾದಿ ಮಾತ್ರ ಮನೆಯಲ್ಲೇ ಹುಟ್ಟಿದವರು, ದಿನಾಂಕ ಯಾರೂ ಬರೆದಿಟ್ಟಿಲ್ಲ.