594 ದಿನ

ಕೊರೊನಾ ಬಂದಾಗ ತಮಿಳುನಾಡಿನ ಮದ್ಯದಂಗಡಿಗಳು 2020ರ ಮಾರ್ಚ್ 24ರ ಸಂಜೆ ಬಾಗಿಲು ಹಾಕಿದವು, ಚೆನ್ನೈ ಬಿಟ್ಟು ಉಳಿದೆಡೆ ಮೇ 7ಕ್ಕೆ ತೆರೆದವು. ನಡುವೆ ಪೂರ್ತಿ ಮುಚ್ಚಿದ್ದು 43 ದಿನ. (ಹೈಕೋರ್ಟು ಕೂಡಲೇ ಮತ್ತೆ ಮುಚ್ಚಿಸಿತು, ಸುಪ್ರೀಂ ಕೋರ್ಟು ಆ ಆದೇಶಕ್ಕೆ ತಡೆ ಕೊಟ್ಟಿತು, ಮೇ 16ರಿಂದ ವ್ಯಾಪಾರ ಶುರು.) ಅದೇ ರಾಜ್ಯದಲ್ಲಿ ಒಂದರಿಂದ ಎಂಟನೇ ತರಗತಿಯ ಮಕ್ಕಳ ಶಾಲೆ ಮಾರ್ಚ್ 17ರಂದು ಮುಚ್ಚಿ, ತೆರೆದದ್ದು 2021ರ ನವೆಂಬರ್ 1ಕ್ಕೆ. ಭಾನುವಾರ, ಬೇಸಿಗೆ ರಜೆ ಎಲ್ಲ ಸೇರಿಸಿ ಎಣಿಸಿದರೆ 594 ದಿನ.

ಊಟಿ-ಕೂನೂರುಗಳ ನಡುವಿನ ಕೆತ್ತಿ ಕಣಿವೆಯಲ್ಲಿ ಯಾವುದು ಯಾವಾಗ ತೆರೆಯಿತು ನೋಡಿ. ಬಡಗರ ಹಟ್ಟಿಗಳು, ಚಹಾ ತೋಟ, ಕ್ಯಾರೆಟ್ಟು-ಬೀಟ್‌ರೂಟಿನ ಹೊಲಗಳ ಊರು ಇದು. ಚಹಾದ ಚಿಗುರು ಯಾರ ಆದೇಶಕ್ಕೂ ಕಾಯುವುದಿಲ್ಲ, ಹಾಗಾಗಿ ಕಡಿಮೆ ಆಳುಗಳೊಂದಿಗೆ ತೋಟದ ಕೆಲಸಕ್ಕೆ ಏಪ್ರಿಲ್‌ನಲ್ಲೇ ಅನುಮತಿ ಸಿಕ್ಕಿತು. ಸೆಪ್ಟೆಂಬರಿನಲ್ಲಿ ಇ-ಪಾಸ್ ಹಿಡಿದ ಪ್ರವಾಸಿಗರಿಗೆ ಊಟಿಯ ಸಸ್ಯೋದ್ಯಾನ ತೆರೆಯಿತು. ಕೆತ್ತಿ ನಿಲ್ದಾಣದ ಮೂಲಕ ಹೋಗುವ ನೀಲಗಿರಿಯ ಪುಟ್ಟ ರೈಲು ಡಿಸೆಂಬರ್ ಮೊದಲಿಗೆ ಖಾಸಗಿ ಬಾಡಿಗೆಯ ಮೇಲೆ ಹತ್ತಿತು, ಸೀಟಿಗೆ 3,000 ರೂಪಾಯಿ! ಗದ್ದಲವಾಯಿತು. ಡಿಸೆಂಬರ್ 31ಕ್ಕೆ ಸಾಮಾನ್ಯ ಸೇವೆ ಮರಳಿತು. ಆ ಹೊತ್ತಿಗೆ ಪುಟ್ಟ ಮಕ್ಕಳ ಶಾಲೆಗೆ ಬೀಗ ಬಿದ್ದು 290 ದಿನ, ಇನ್ನೂ ಅರ್ಧ ದಾರಿ ಕೂಡ ಸವೆದಿರಲಿಲ್ಲ.

594 ದಿನ ಎಂದರೆ ಎಷ್ಟು? ಆರು ವರ್ಷದ ಮಗು ಅಲ್ಲಿಯವರೆಗೆ ಬದುಕಿದ್ದೇ ಸುಮಾರು 2,190 ದಿನ. ಅದರ ಕಾಲು ಭಾಗಕ್ಕಿಂತ ಹೆಚ್ಚು. ಅರವತ್ತು ದಾಟಿದ ಮಂತ್ರಿಯನ್ನೋ ಅಧಿಕಾರಿಯನ್ನೋ ಅದೇ ಪ್ರಮಾಣದಲ್ಲಿ ಮನೆಯಲ್ಲಿ ಕೂರಿಸಿದ್ದರೆ ಹದಿನಾರು ವರ್ಷ ಕೂತಿರಬೇಕಿತ್ತು. 2020ರ ಜೂನ್‌ನಲ್ಲಿ ಒಂದನೇ ತರಗತಿಗೆ ಸೇರಬೇಕಿದ್ದ ಮಗು ಒಂದನೇ ತರಗತಿಯ ಬೆಂಚಿನ ಮೇಲೆ ಒಂದು ದಿನವೂ ಕೂರಲಿಲ್ಲ. ಬಾಗಿಲು ತೆರೆದಾಗ ಎರಡನೇ ತರಗತಿಯ ವರ್ಷವೂ ಅರ್ಧ ಮುಗಿಯುತ್ತ ಬಂದಿತ್ತು. ಹೊಸ ಅಕ್ಷರ ಕಲಿಯುವ ವಯಸ್ಸು ಅದು. ಆನ್‌ಲೈನ್ ಪಾಠಕ್ಕೆಂದರೆ ಫೋನು ಮನೆಗೊಂದು, ಅದು ತೋಟಕ್ಕೆ ಹೋದ ಅಪ್ಪನ ಜೇಬಿನಲ್ಲಿ.

ಮೊದಮೊದಲ ಬೀಗಕ್ಕೆ ನನ್ನ ತಕರಾರಿಲ್ಲ. 130 ಕೋಟಿ ಜನರ ದೇಶಕ್ಕೆ ಲಾಕ್‌ಡೌನ್‌ನ ನಾಲ್ಕೇ ಗಂಟೆಯ ಸೂಚನೆ ಕೊಟ್ಟ ರೀತಿ ಬೇರೆ ಮಾತು, ಆದರೆ ರೋಗದ ಗುಣ ಆಗ ಯಾರಿಗೂ ತಿಳಿದಿರಲಿಲ್ಲ. ಕೆತ್ತಿ ಬಳಿಯ ಎಲ್ಲನಹಳ್ಳಿಯ ಸೂಜಿ ಕಾರ್ಖಾನೆಯಲ್ಲಿ 2020ರ ಜೂನ್ ಕೊನೆಗೆ ಕಾಣಿಸಿದ ಸೋಂಕು ಸುತ್ತಲಿನ ಹಟ್ಟಿಗಳಿಗೆ ಹಬ್ಬಿದ್ದನ್ನು ಕಂಡವರಿಗೆ ಭಯ ಸುಳ್ಳಲ್ಲ. ಮರುವರ್ಷ ಇದೇ ನೀಲಗಿರಿ ಜಿಲ್ಲೆ ತೋಡ, ಕೋತ, ಕುರುಂಬ, ಇರುಳ, ಪಣಿಯ, ಕಾಟ್ಟುನಾಯಕ ಸಮುದಾಯಗಳ ವಯಸ್ಕರಿಗೆ ಕಾಡಿನ ಒಳಗಿನ ಹಾಡಿಗಳವರೆಗೂ ಹೋಗಿ ಲಸಿಕೆ ಹಾಕಿತು. ಮನಸ್ಸು ಮಾಡಿದರೆ ಆಡಳಿತಕ್ಕೆ ಏನೆಲ್ಲ ಸಾಧ್ಯ ಎಂಬುದಕ್ಕೆ ಅದೇ ಸಾಕ್ಷಿ.

ಆದರೆ 2021ರ ಜುಲೈ 20ರಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆ ಹೊರಬಂತು. ಆರರಿಂದ ಒಂಬತ್ತು ವರ್ಷದ ಮಕ್ಕಳಲ್ಲಿ ಶೇ. 57ರಷ್ಟು ಮಂದಿಯ ರಕ್ತದಲ್ಲಿ ಪ್ರತಿಕಾಯಗಳು! ಶಾಲೆ ಮುಚ್ಚಿದ್ದರೂ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಸೋಂಕು ಬಂದು ಹೋಗಿತ್ತು. ತೆರೆಯುವುದಾದರೆ ಪ್ರಾಥಮಿಕ ಶಾಲೆಗಳನ್ನೇ ಮೊದಲು ತೆರೆಯಬಹುದು ಎಂದು ಮಂಡಳಿಯ ಆಗಿನ ಮುಖ್ಯಸ್ಥ ಬಲರಾಮ್ ಭಾರ್ಗವ ಅಂದೇ ಹೇಳಿದರು. ತಮಿಳುನಾಡು ತಿರುಗಾಮುರುಗಾ ಮಾಡಿತು: ಒಂಬತ್ತರಿಂದ ಹನ್ನೆರಡಕ್ಕೆ ಸೆಪ್ಟೆಂಬರ್ 1, ಚಿಕ್ಕವರಿಗೆ ನವೆಂಬರ್. ಕರ್ನಾಟಕದವರು ಬೀಗುವಂತಿಲ್ಲ, ನಮ್ಮಲ್ಲಿ ಒಂದರಿಂದ ಐದನೇ ತರಗತಿ ತೆರೆದದ್ದು ಅಕ್ಟೋಬರ್ 25ಕ್ಕೆ, ಒಂದೇ ವಾರ ಮುಂಚೆ.

ಜುಲೈ 20ರಿಂದಾಚೆ ಕೆತ್ತಿಯ ಮಕ್ಕಳು ಮನೆಯಲ್ಲಿ ಕಳೆದದ್ದು 103 ದಿನ. ಮೊದಲಿನ ದಿನಗಳನ್ನು ಭಯದ ಲೆಕ್ಕಕ್ಕೆ ಬರೆಯಬಹುದು. ಈ 103 ದಿನಗಳನ್ನು ನಾನು ಅನ್ಯಾಯದ ಲೆಕ್ಕಕ್ಕೇ ಬರೆಯುತ್ತೇನೆ.