ಚಾಪೆ ಹಾಸುವಷ್ಟು ಜಾಗ ಬಿಟ್ಟು ಸೋಫಾ ತನ್ನಿ

ಹೊಸ ಮನೆಗೆ ಹೋಗುವಾಗ ದುಆ ಮಾಡಲು ಉಸ್ತಾದರನ್ನು ಕರೆಯುತ್ತಾರೆ. ಮೌಲೂದ್‌ಗೆ, ಮಗುವಿಗೆ ಹೆಸರಿಡುವುದಕ್ಕೆ, ಇಫ್ತಾರ್‌ಗೆ ಕರೆಯುತ್ತಾರೆ. ಮರಣವಾದ ಮನೆಗೆ ಕರೆಯದಿದ್ದರೂ ಹೋಗುತ್ತೇವೆ. ಹೀಗೆ ನಮ್ಮ ಜನರ ಮನೆಗಳ ಹಾಲ್‌ಗಳನ್ನು ನಾವು ನೋಡಿದಷ್ಟು ಸೋಫಾ ಅಂಗಡಿಯವರೂ ನೋಡಿರಲಿಕ್ಕಿಲ್ಲ.

ಮೊದಲು ಊರಿನ ಮನೆಗಳಲ್ಲಿ ಜಗಲಿ ಇತ್ತು, ಚಾವಡಿ ಇತ್ತು. ಒಂದು ಮರದ ಬೆಂಚು, ಎರಡು ಕುರ್ಚಿ, ಗೋಡೆಗೆ ಒರಗಿಸಿಟ್ಟ ಸುರುಳಿ ಚಾಪೆ. ಇಪ್ಪತ್ತು ಮಂದಿ ಬಂದರೂ ಚಾಪೆ ಬಿಡಿಸಿದರೆ ಆಯಿತು. ಈಗ ಹೆಚ್ಚಿನವರದ್ದು ಫ್ಲ್ಯಾಟ್, ಇಲ್ಲವೆ ಐದು ಸೆಂಟ್ಸ್ ಜಾಗದ ಸಣ್ಣ ಮನೆ. ಹಾಲ್ ಅಂದರೆ 10 ಅಡಿ ಅಗಲ, 12 ಅಡಿ ಉದ್ದ. ಅದರೊಳಗೆ ಎಲ್ ಆಕಾರದ ಸೋಫಾ, ಗಾಜಿನ ಟೀಪಾಯಿ, ಟಿವಿ ಶೋಕೇಸು, ಮೇಲೆ ಹತ್ತು ಹನ್ನೆರಡು ಲೈಟು. ನೋಡಲಿಕ್ಕೆ ಚಂದ ಉಂಟು, ಇಲ್ಲ ಎನ್ನುವುದಿಲ್ಲ. ಆದರೆ ಅಸರ್ ನಮಾಝಿನ ಹೊತ್ತಾದಾಗ ಮುಸಲ್ಲಾ ಹಿಡಿದುಕೊಂಡು ಬಂದ ಮನೆಯ ಯಜಮಾನರು ಅದನ್ನು ಎಲ್ಲಿ ಹಾಸುವುದೆಂದು ಸುತ್ತ ನೋಡುತ್ತಾರೆ. ಕೊನೆಗೆ ಬೆಡ್‌ರೂಮಿನಲ್ಲಿ ಮಂಚಕ್ಕೂ ಕಪಾಟಿಗೂ ನಡುವಿನ ಸಂದಿಯಲ್ಲಿ ನಮಾಝ್ ಮಾಡಿ ಬಂದದ್ದು ನಮಗೆ ಒಂದೆರಡು ಸಲ ಅಲ್ಲ.

ಇದನ್ನು ಬರೆಯಲು ಕಾರಣವಾದದ್ದು ಒಂದು ಮರಣದ ಮನೆ. ಮೂರನೇ ಮಹಡಿಯ ಫ್ಲ್ಯಾಟ್. ಆ ಮನೆಯ ಉಮ್ಮ ಆಸ್ಪತ್ರೆಯಲ್ಲಿ ತೀರಿಕೊಂಡರು. ಬೆಳಗ್ಗೆ ಮಯ್ಯತ್ ತರುವಾಗ ಹಾಲ್ ಖಾಲಿ ಮಾಡಬೇಕಿತ್ತು. ಸೋಫಾವನ್ನು ಅಂಗಡಿಯವರು ಎರಡು ತುಂಡಾಗಿ ತಂದು ಒಳಗೆ ಜೋಡಿಸಿ ಹೋಗಿದ್ದರು. ಬಿಚ್ಚುವ ಸ್ಕ್ರೂ ಬಟ್ಟೆಯ ಅಡಿಯಲ್ಲಿ. ನಾಲ್ಕು ಯುವಕರು ಎತ್ತಿ ನೆಟ್ಟಗೆ ನಿಲ್ಲಿಸಲು ನೋಡಿದರು, ನೇತಾಡುವ ಗಾಜಿನ ಲೈಟಿಗೆ ತಾಗಿತು. ಬಾಗಿಲಲ್ಲಿ ತಿರುಗಲಿಲ್ಲ, ಬಾಲ್ಕನಿಗೂ ಹೋಗಲಿಲ್ಲ. ಅಡುಗೆ ಕೋಣೆಯ ಬಾಗಿಲಿಗೆ ಅಡ್ಡ ಇಟ್ಟರೆ ಹೆಂಗಸರು ಒಳಗೇ ಸಿಕ್ಕಿಬೀಳುತ್ತಿದ್ದರು. ಕಡೆಗೆ ಮಯ್ಯತನ್ನು ಕೆಳಗೆ ಕಾರು ನಿಲ್ಲಿಸುವಲ್ಲಿ ಇಟ್ಟರು. ಮಳೆಗಾಲ. ಬದಿಯಿಂದ ನೀರು ಸಿಡಿಯುತ್ತಿತ್ತು. ಬಂಧುಗಳಾದ ಹೆಂಗಸರು ಮೆಟ್ಟಿಲಿಳಿದು ಬಂದು ಅಲ್ಲೇ ನಿಂತು ನೋಡಿ ಹೋದರು. ದಫನ್ ಮುಗಿದ ಮೇಲೆ ಮಗ ನಮ್ಮ ಹತ್ತಿರ ಹೇಳಿದ್ದು ಇಷ್ಟೇ: “ಉಮ್ಮನನ್ನು ಅವರ ಮನೆಯೊಳಗೆ ಒಂದು ಗಂಟೆ ಮಲಗಿಸಲಿಕ್ಕೆ ನಮ್ಮಿಂದ ಆಗಲಿಲ್ಲ ಉಸ್ತಾದ್.”

ಕೆಲವು ತಿಂಗಳು ಕಳೆದು ಅವರು ಆ ಸೋಫಾ ಮಾರಿದರು. ಇನ್ನು ಎಂತದು ತರುವುದು ಎಂದು ಕೇಳಿದರು. ಅವರಿಗೆ ಹೇಳಿದ್ದನ್ನೂ, ನಮ್ಮ ಪರಿಚಯದ ಮರದ ಕೆಲಸದವರಿಂದ, ವೈರಿಂಗ್‌ನವರಿಂದ ಕೇಳಿ ತಿಳಿದದ್ದನ್ನೂ ಇಲ್ಲಿ ಕೂಡಿಸಿ ಬರೆಯುತ್ತಿದ್ದೇವೆ.

ಮೊದಲು ಲೆಕ್ಕ

10 ಅಡಿಗೆ 12 ಅಡಿಯ ಹಾಲ್ ಅಂದರೆ 120 ಚದರ ಅಡಿ. ಒಂದು ಕಡೆ 8 ಅಡಿ, ಇನ್ನೊಂದು ಕಡೆ 6 ಅಡಿ ಉದ್ದ, 3 ಅಡಿ ಆಳ ಇರುವ ಎಲ್ ಸೋಫಾ ಅದರಲ್ಲಿ 33 ಚದರ ಅಡಿ ತಿನ್ನುತ್ತದೆ. ಕಾಲು ಭಾಗಕ್ಕಿಂತ ಜಾಸ್ತಿ ಹೋಯಿತು. ಟೀಪಾಯಿ 8, ಟಿವಿ ಸ್ಟ್ಯಾಂಡ್ 7 ಎಂದಿಟ್ಟುಕೊಳ್ಳಿ. ಉಳಿದದ್ದು ಎಪ್ಪತ್ತು ಚಿಲ್ಲರೆ. ಅದರಲ್ಲೂ ಬಾಗಿಲು ತೆರೆಯುವ ಜಾಗ, ನಡೆದಾಡುವ ಎರಡೂವರೆ ಅಡಿ ದಾರಿ ಕಳೆಯಬೇಕು.

ಇನ್ನೊಂದು ಲೆಕ್ಕ ನೋಡಿ. ನಮಾಝಿಗೆ ಒಬ್ಬರಿಗೆ ಸುಮಾರು 2 ಅಡಿ ಅಗಲ, 4 ಅಡಿ ಉದ್ದ ಬೇಕು. ಮಂಗಳೂರಿನಿಂದ ಕಿಬ್ಲಾ ಪಶ್ಚಿಮಕ್ಕಿಂತ ತುಸು ಉತ್ತರಕ್ಕೆ. ಹಾಲಿನ ಉದ್ದ ಆ ಕಡೆಗಿದ್ದು, ಹಿಂದಿನ ಗೋಡೆಗೆ ಎರಡೂವರೆ ಅಡಿ ಆಳದ ಒಂದೇ ಒಂದು ಸೋಫಾ ಇಟ್ಟರೆ ಒಂಬತ್ತೂವರೆ ಅಡಿ ಉಳಿಯಿತು. ಓರೆಗೆ ಸ್ವಲ್ಪ ಕಳೆದರೂ ಎರಡು ಸಫ್ ನಿಲ್ಲಬಹುದು. ಅದೇ ಜಾಗದಲ್ಲಿ ಸುಪ್ರ ಹಾಸಿದರೆ ಎಂಟು ಹತ್ತು ಮಂದಿ ಒಟ್ಟಿಗೆ ಕೂತು ಉಣ್ಣಬಹುದು. ಎಲ್ ಸೋಫಾ ಇಟ್ಟರೆ ಒಂದು ಸಫ್ ಕೂಡ ಪೂರ್ತಿ ಆಗುವುದಿಲ್ಲ.

ಆದ್ದರಿಂದ ಅಂಗಡಿಗೆ ಹೋಗುವ ಮೊದಲು ಸೋಫಾದ ಅಳತೆ ತೆಗೆಯಬೇಡಿ. ಖಾಲಿ ಎಷ್ಟು ಬೇಕೆಂದು ಅಳೆಯಿರಿ. ಮತ್ತೆ ಉಳಿದದ್ದು ಸೋಫಾಕ್ಕೆ.

ಯಾವ ಸೋಫಾ?

ಸೋಫಾ ಬೇಡವೆಂದು ನಾವು ಹೇಳುವುದಿಲ್ಲ. ಮನೆಯಲ್ಲಿ ಮೊಣಕಾಲು ನೋವಿನ ಉಮ್ಮಾಮ ಇದ್ದರೆ ಚಾಪೆಯಲ್ಲಿ ಕೂರಿ ಎನ್ನುವುದು ನ್ಯಾಯವಲ್ಲ. ಅವರಿಗಾಗಿಯೇ ಸೋಫಾ ನೋಡಬೇಕು. ನೆಲದಿಂದ ಸೀಟಿಗೆ 18 ಇಂಚು ಎತ್ತರ, ಕೈ ಊರಿ ಏಳಲಿಕ್ಕೆ ಗಟ್ಟಿ ಕೈಹಿಡಿ ಇರಲಿ. ಈಗಿನ ಫ್ಯಾಷನಿನ 14-15 ಇಂಚಿನ ತಗ್ಗು ಸೋಫಾದಲ್ಲಿ ವಯಸ್ಸಾದವರು ಕೂತರೆ ಏಳಿಸಲು ಇಬ್ಬರು ಬೇಕು. ಅಂಗಡಿಗೆ ಹೋಗುವಾಗ ಅವರನ್ನೇ ಕರೆದುಕೊಂಡು ಹೋಗಿ, ಕೂತು ಎದ್ದು ನೋಡಲಿ.

ಸಣ್ಣ ಹಾಲ್‌ಗೆ 6 ಅಡಿ ಉದ್ದ, ಎರಡೂವರೆ ಅಡಿ ಆಳದ ಒಂದು ಮೂರು ಸೀಟಿನ ಸೋಫಾ ಸಾಕು. ಅದಕ್ಕೆ ಹೋಗುವುದು 15 ಚದರ ಅಡಿ, ಎಲ್ ಸೋಫಾದ ಅರ್ಧಕ್ಕಿಂತ ಕಡಿಮೆ. ಜೊತೆಗೆ ಒಬ್ಬರೇ ಎತ್ತಬಹುದಾದ ಎರಡು ಕುರ್ಚಿ. ದಪ್ಪ ಉರುಟು ಕೈಗಳಿರುವ ಸೋಫಾ ಬೇಡ. ಎರಡು ಕಡೆ ಸೇರಿ ಒಂದು ಅಡಿಗೂ ಹೆಚ್ಚು ಜಾಗ ಆ ಕೈಗಳಿಗೇ ಹೋಗುತ್ತದೆ, ಅಲ್ಲಿ ಯಾರೂ ಕೂರುವುದಿಲ್ಲ. ಕಾಲುಗಳು 5-6 ಇಂಚು ಎತ್ತರವಿದ್ದರೆ ಅಡಿಯಲ್ಲಿ ಗುಡಿಸಲಿಕ್ಕೆ ಆಗುತ್ತದೆ, ನೆಲ ಕಾಣುವುದರಿಂದ ಕೋಣೆಯೂ ದೊಡ್ಡದು ತೋರುತ್ತದೆ.

ಅತಿಥಿಗಳು ರಾತ್ರಿ ಉಳಿಯುವ ಮನೆಯಾದರೆ ಸೋಫಾಕ್ಕಿಂತ ದಿವಾನ್ ಒಳ್ಳೆಯದು. ಹಗಲು ಕೂರಲಿಕ್ಕೆ, ರಾತ್ರಿ ಮಲಗಲಿಕ್ಕೆ, ಒಳಗೆ ಹಾಸಿಗೆ ಹೊದಿಕೆ ಇಡಲಿಕ್ಕೆ. ಹಿಂದೆ ಭತ್ತ ತುಂಬಿಡುತ್ತಿದ್ದ ಪತ್ತಾಯದ ಮೇಲೆ ನಮ್ಮ ಹಿರಿಯರು ಮಲಗುತ್ತಿರಲಿಲ್ಲವೇ? ಅದೇ ಉಪಾಯ.

ಗಲ್ಫಿನಲ್ಲಿದ್ದು ಬಂದವರಿಗೆ ಅರಬರ ಮಜ್ಲಿಸ್ ಗೊತ್ತು. ಗೋಡೆಗೆ ತಾಗಿ ಸುತ್ತ ತಗ್ಗಿನ ಮೆತ್ತೆ, ನಡುವೆ ಪೂರ್ತಿ ಖಾಲಿ. 2015ರಲ್ಲಿ ಯುನೆಸ್ಕೋ ಮಜ್ಲಿಸನ್ನು ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿದೆ. ದುಬೈ, ದಮಾಮ್‌ನಿಂದ ನಮ್ಮವರು ದೊಡ್ಡ ಸೋಫಾದ ಆಸೆ ತಂದರು, ಈ ಮಜ್ಲಿಸಿನ ಬುದ್ಧಿಯನ್ನೂ ತಂದಿದ್ದರೆ ಚೆನ್ನಾಗಿತ್ತು. ಒಂದು ಗೋಡೆಗೆ ಸೋಫಾ, ಇನ್ನೊಂದು ಗೋಡೆಗೆ ಎರಡು ಮೆತ್ತೆ ಇಟ್ಟರೂ ಆಗುತ್ತದೆ.

ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ. ಪುಡಿ ಒತ್ತಿ ಮಾಡಿದ ಹಲಗೆಯ ಚೌಕಟ್ಟು ತೇವ ಕುಡಿದು ಉಬ್ಬುತ್ತದೆ. ಅಗ್ಗದ ರೆಕ್ಸಿನ್ ಕೆಲವೇ ವರ್ಷಗಳಲ್ಲಿ ಸಿಪ್ಪೆ ಏಳುತ್ತದೆ. ಕಡಲ ಗಾಳಿಗೆ ಕಬ್ಬಿಣದ ಕಾಲು ತುಕ್ಕು ಹಿಡಿಯುತ್ತದೆ. ಹಲಸು, ಸಾಗುವಾನಿಯ ಚೌಕಟ್ಟು ಬಾಳಿಕೆ ಬರುತ್ತದೆ. ರಬ್ಬರ್ ಮರವಾದರೆ ಹುಳ ಹಿಡಿಯದಂತೆ ಮದ್ದು ಹಾಕಿ ಒಣಗಿಸಿದ್ದೋ ಎಂದು ಕೇಳಿ. ಫೋಮ್‌ನ ಡೆನ್ಸಿಟಿ ಕೇಳಿ, ಸೀಟಿಗೆ 32ಕ್ಕಿಂತ ಕಡಿಮೆ ಬೇಡ, 40 ಇದ್ದರೆ ಒಳ್ಳೆಯದು. ಜಿಪ್ ಇರುವ, ತೊಳೆಯುವ ಬಟ್ಟೆಯ ಕವರ್ ಇರಲಿ. ಗೋಡೆಗೆ ಒತ್ತಿ ಇಡದೆ ಎರಡು ಮೂರು ಇಂಚು ಬಿಡಿ, ಆಗ ಹಿಂದೆ ಬೂಷ್ಟು ಬರುವುದು ಕಡಿಮೆ. ಬಾಗಿಲು, ಲಿಫ್ಟ್, ಮೆಟ್ಟಿಲಿನ ತಿರುವು ಅಳೆದುಕೊಳ್ಳಿ. ಒಳಗೆ ತಂದದ್ದು ಹೊರಗೂ ಹೋಗಬೇಕು. ಬಿಚ್ಚುವುದು ಹೇಗೆಂದು ಅಂಗಡಿಯವರ ಎದುರೇ ಒಮ್ಮೆ ಬಿಚ್ಚಿಸಿ ನೋಡಿ.

ಬೆಳಕು ಯಾರಿಗೆ ಬೇಕು?

ಒಂದು ಮನೆಯಲ್ಲಿ ಸೀಲಿಂಗ್‌ಗೆ ಹನ್ನೆರಡು ಸ್ಪಾಟ್ ಲೈಟ್, ಅಂಚಿನಲ್ಲಿ ಬಣ್ಣ ಬದಲಾಗುವ ಪಟ್ಟಿ. ಆದರೆ ಮಗ್ರಿಬ್ ನಂತರ ಮಗಳು ಖುರ್‌ಆನ್ ಓದಲು ಕೂತದ್ದು ತನ್ನ ತಲೆಯ ನೆರಳಲ್ಲೇ. ಮದ್ರಸದಲ್ಲಿ ಚೆನ್ನಾಗಿ ಓದುವ ಮಗು, ಮನೆಯಲ್ಲಿ ನುಖ್ತ ಕಾಣದೆ ತಡವರಿಸುತ್ತಿತ್ತು. ಅಷ್ಟೊಂದು ಲೈಟು ಯಾರಿಗೆ ಹಾಕಿದ್ದು ಮಾರಾಯ್ರೆ?

120 ಚದರ ಅಡಿಯ ಹಾಲ್‌ಗೆ ಸುಮಾರು 2,000 ಲೂಮೆನ್ ಕೊಡುವ ಒಂದು 20 ವಾಟಿನ ಎಲ್‌ಇಡಿ ಟ್ಯೂಬ್ ಸಾಕು. ಓದುವ ಮೂಲೆಗೆ ಬೇರೆ ಸ್ವಿಚ್‌ನಲ್ಲಿ ಒಂದು 9 ವಾಟಿನ ಬಲ್ಬು, ಮಗುವಿನ ಎಡಬದಿಯಿಂದ ಮೇಲಿನಿಂದ ಬೀಳುವ ಹಾಗೆ. 9 ವಾಟಿನ ಎಲ್‌ಇಡಿ ಹಳೆಯ 60 ವಾಟಿನ ಬಲ್ಬಿನಷ್ಟು ಬೆಳಕು ಕೊಡುತ್ತದೆ. ದಿನಕ್ಕೆ 5 ಗಂಟೆಯಂತೆ ಎರಡೂ ಉರಿದರೆ ತಿಂಗಳಿಗೆ ನಾಲ್ಕೂವರೆ ಯೂನಿಟ್ ದಾಟುವುದಿಲ್ಲ. 6 ವಾಟಿನ ಹನ್ನೆರಡು ಸ್ಪಾಟ್ ಲೈಟಿಗೆ ಹತ್ತೂಮುಕ್ಕಾಲು ಯೂನಿಟ್ ಬೇಕು.

ಡಬ್ಬಿಯ ಮೇಲೆ ಲೂಮೆನ್ ಜೊತೆಗೆ ಇನ್ನೊಂದು ಸಂಖ್ಯೆ ಇರುತ್ತದೆ, ಕೊನೆಯಲ್ಲಿ ‘ಕೆ’ ಅಕ್ಷರ. 2,700-3,000 ಎಂದರೆ ಹಳದಿ, ಕೂತು ಮಾತಾಡಲು ಹಿತ. 6,500 ಎಂದರೆ ನೀಲಿ ಬೆರೆತ ಬಿಳಿ, ಅಂಗಡಿಯ ಬೆಳಕು. 4,000 ನಡುವಿನದ್ದು. ಒಂದೇ ಲೈಟಿನಲ್ಲಿ ಓದು, ಊಟ, ಮಾತು ಎಲ್ಲಾ ಆಗಬೇಕಾದರೆ ನಾವು ಹೇಳುವುದು ಈ 4,000. ಫ್ಯಾನಿನ ರೆಕ್ಕೆಯ ಮೇಲೆ ಲೈಟ್ ಬರದಂತೆ ನೋಡಿ, ಬಂದರೆ ಇಡೀ ಕೋಣೆಯಲ್ಲಿ ನೆರಳು ಮಿನುಗಿ ಕಣ್ಣು ನೋಯುತ್ತದೆ. ತಗ್ಗಿನ ಸೀಲಿಂಗ್‌ಗೆ ತೂಗುವ ಗಾಜಿನ ಲೈಟ್ ಬೇಡ, ಮಳೆಹುಳ ಬೀಳುವ ಕಾಲದಲ್ಲಿ ತೊಳೆದು ಮುಗಿಯುವುದಿಲ್ಲ.

ಕಿಬ್ಲಾದ ಕಡೆಯ ಗೋಡೆಯನ್ನು ಸಾದಾ ಬಿಡಿ. ಚಿತ್ತಾರದ ಹೊದಿಕೆಯೊಂದು ನಮಾಝಿನಲ್ಲಿ ಗಮನ ಸೆಳೆಯಿತೆಂದು ಪ್ರವಾದಿವರ್ಯರು (ಸ) ಅದನ್ನು ಹಿಂದಕ್ಕೆ ಕಳುಹಿಸಿದ್ದು ಸಹೀಹ್ ಬುಖಾರಿಯಲ್ಲಿದೆ. ನಾವೋ ಅದೇ ಗೋಡೆಗೆ ಕನ್ನಡಿ, ಟಿವಿ, ಮಿನುಗುವ ಲೈಟು ಎಲ್ಲಾ ಹಾಕುತ್ತೇವೆ. ರಾತ್ರಿ ಮಲಗುವ ಮುನ್ನ ದೀಪ ಆರಿಸಬೇಕೆಂಬ ಪ್ರವಾದಿ ಬೋಧನೆಯೂ ಉಂಟು. ಆಗ ಇಲಿ ಬತ್ತಿ ಎಳೆದು ಮನೆಗೆ ಬೆಂಕಿ ಹತ್ತುವ ಭಯ. ಈಗ ಸೀಲಿಂಗ್ ಒಳಗೆ ಬಿಸಿಯಾಗುವ ಅಡಾಪ್ಟರ್, ಸಡಿಲ ವಯರಿನ ಭಯ. ಅಲಂಕಾರದ ಲೈಟಿಗೆ ಬೇರೆ ಸ್ವಿಚ್ ಇರಲಿ, ರಾತ್ರಿ ಆರಿಸಿ.

ದುಡ್ಡು ಮತ್ತು ಬಂದವರ ಕಣ್ಣು

ಮಗಳನ್ನು ನೋಡಲು ಬರುತ್ತಾರೆಂದು ವಾರದೊಳಗೆ ಸೋಫಾ ಬದಲಿಸಿದ ತಂದೆಯರು ನಮಗೆ ಗೊತ್ತು. ಅವರನ್ನು ದೂರಿ ಸುಖ ಇಲ್ಲ. ಬಂದವರು ಹುಡುಗಿಗಿಂತ ಮೊದಲು ಹಾಲ್ ನೋಡುತ್ತಾರೆ, ದೂರಬೇಕಾದ್ದು ಆ ಕಣ್ಣನ್ನು. ಹೆಣ್ಣು ನೋಡಲು ಹೋಗುವ ಉಮ್ಮಂದಿರೇ, ಮನೆಗೆ ಮರಳಿದ ಮೇಲೆ ಆ ಮನೆಯ ಸೋಫಾದ ಮಾತು ಎತ್ತಬೇಡಿ. ಅಷ್ಟು ಮಾಡಿದರೆ ಎಷ್ಟೋ ತಂದೆಯರ ಸಾಲ ಉಳಿಯುತ್ತದೆ.

ಕಂತಿನಲ್ಲಿ ತರುವವರು ಕಾಗದ ಪೂರ್ತಿ ಓದಿಸಿಕೊಳ್ಳಿ. ಬಡ್ಡಿ ಇಲ್ಲ ಎನ್ನುವ ಕಂತಿನಲ್ಲೂ ಬೇರೆ ಹೆಸರಿನ ಶುಲ್ಕ, ತಡವಾದರೆ ದಂಡ ಇರಬಹುದು. ಸಂಶಯವಿದ್ದರೆ ನಿಮ್ಮ ಖತೀಬರಲ್ಲಿ ಕೇಳಿ. ಆರು ತಿಂಗಳು ಕೂಡಿಟ್ಟು ನಗದು ಕೊಟ್ಟು ತಂದ ಸಾದಾ ಬೆಂಚಿನಲ್ಲಿ ಕೂತಷ್ಟು ನೆಮ್ಮದಿ ಬಡ್ಡಿಯ ಸೋಫಾದಲ್ಲಿ ಸಿಗಲಿಕ್ಕಿಲ್ಲ. ಮನೆಯವರಿಗೂ ಅತಿಥಿಗೂ ಬೇಕಾದಷ್ಟು ಹಾಸಿಗೆ ಸಾಕು, ಅದಕ್ಕೂ ಹೆಚ್ಚಿನದ್ದು ಶೈತಾನನ ಪಾಲೆಂಬ ಅರ್ಥದ ಹದೀಸ್ ಸಹೀಹ್ ಮುಸ್ಲಿಮ್‌ನಲ್ಲಿ ಉಂಟು. ಗಮನಿಸಿ, ಅತಿಥಿಯ ಪಾಲನ್ನು ಅಲ್ಲಿ ಬಿಟ್ಟಿಲ್ಲ.

ಕೊನೆಗೆ ಒಂದು ಸುಲಭದ ಕೆಲಸ. ಸೋಫಾ ಬುಕ್ ಮಾಡುವ ಮೊದಲು ಅದರ ಉದ್ದ ಅಗಲ ಬರೆದು ತನ್ನಿ. ಮನೆಯಲ್ಲಿ ಹಳೆಯ ಪೇಪರುಗಳನ್ನು ಬಿಡಿಸಿ ಅಷ್ಟೇ ಅಳತೆಗೆ ನೆಲದಲ್ಲಿ ಹಾಸಿ. ಓದಿ ಮುಗಿದಿದ್ದರೆ ಈ ಪುಟವೂ ಆದೀತು, ಆಯತ್ತಿನ ಬರಹ ಇರುವ ಹಾಳೆ ಮಾತ್ರ ತೆಗೆದಿಡಿ. ಎರಡು ದಿನ ಆ ಪೇಪರಿನ ಮೇಲೆ ಕಾಲಿಡದೆ ನಡೆದಾಡಿ, ನಮಾಝ್ ಮಾಡಿ, ಸುಪ್ರ ಹಾಸಿ ಉಣ್ಣಿ. ಮಕ್ಕಳನ್ನು ಓದಲು ಕೂರಿಸಿ.

ಆ ಮೂರನೇ ಮಹಡಿಯ ಮನೆಯವರೂ ಹೀಗೇ ಮಾಡಿದರು. ಮೂರು ಸೀಟಿನದ್ದಕ್ಕೆ ಹಾಸಿದ ಪೇಪರನ್ನು ಎರಡನೇ ದಿನ ಅವರೇ ಮಡಚಿ ಎರಡು ಸೀಟಿಗೆ ಇಳಿಸಿದರಂತೆ. ಈಗ ಅಲ್ಲಿಗೆ ಹೋದರೆ ಮುಸಲ್ಲಾ ಹಾಲ್‌ನಲ್ಲೇ ಹಾಸುತ್ತಾರೆ.