ಜಮೀನು ಮಾರುವ ಮುಂಚೆಯೇ ತೆರಿಗೆ ಲೆಕ್ಕ ಹಾಕಿ

ಪಂಚನಹಳ್ಳಿ ಕಡೆ ಜಮೀನು ಮಾರಿದವರು ರಿಜಿಸ್ಟ್ರಿ ಮುಗಿದ ಮೇಲೆ ಕೇಳುವ ಪ್ರಶ್ನೆ ಒಂದೇ: "ಇದಕ್ಕೆ ಇನ್‌ಕಂ ಟ್ಯಾಕ್ಸ್ ಕಟ್ಬೇಕಾ?" ಪ್ರಶ್ನೆ ಸರಿ, ಕೇಳುವ ಹೊತ್ತು ಸರಿಯಲ್ಲ. ತೆರಿಗೆ ಬರುತ್ತೋ ಇಲ್ಲವೋ ಅನ್ನೋದು ಅಗ್ರಿಮೆಂಟಿಗೆ ಸಹಿ ಹಾಕುವ ಮೊದಲೇ ಹೆಚ್ಚುಕಡಿಮೆ ತೀರ್ಮಾನ ಆಗಿರುತ್ತೆ.

2020 ರಲ್ಲಿ ಭೂ ಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳನ್ನು ತೆಗೆದ ಮೇಲೆ ಕೃಷಿಕರಲ್ಲದವರಿಗೂ ಜಮೀನು ಕೊಳ್ಳಲು ದಾರಿಯಾಯಿತು. ಮಾರಲು ನಮಗೆ ಕಾರಣಗಳಿಗೇನೂ ಬರವಿಲ್ಲ: ಮಗಳ ಮದುವೆ, ಬೋರಿನ ಸಾಲ, ಅಣ್ಣತಮ್ಮಂದಿರ ಪಾಲು. ಜೀವಮಾನದಲ್ಲಿ ಒಂದು ಸಲ ಕೈಗೆ ಬರುವ ದುಡ್ಡು ಅದು. ಕಟ್ಟಬೇಕಿಲ್ಲದ ತೆರಿಗೆ ಕಟ್ಟಿ ಕಳೆಯಬಾರದು, ಕಟ್ಟಬೇಕಾದ್ದನ್ನು ಬಿಟ್ಟು ನೋಟೀಸೂ ತರಿಸಿಕೊಳ್ಳಬಾರದು.

ಹಳ್ಳಿಯ ಹೊಲ, ತೋಟಕ್ಕೆ ತೆರಿಗೆ ಇಲ್ಲ

ಆದಾಯ ತೆರಿಗೆ ಕಾಯ್ದೆಯ ಪ್ರಕಾರ ಗ್ರಾಮೀಣ ಕೃಷಿಭೂಮಿ 'ಬಂಡವಾಳ ಆಸ್ತಿ'ಯೇ ಅಲ್ಲ. ಆದ್ದರಿಂದ ಅದನ್ನು ಎಷ್ಟು ಲಾಭಕ್ಕೆ ಮಾರಿದರೂ ಬಂಡವಾಳ ಲಾಭದ ತೆರಿಗೆ ಬರುವುದಿಲ್ಲ.

ಯಾವುದು ಗ್ರಾಮೀಣ? ಪುರಸಭೆ, ನಗರಸಭೆಯ ಗಡಿಯಿಂದ ದೂರ ನೋಡುತ್ತಾರೆ. 10 ಸಾವಿರದಿಂದ 1 ಲಕ್ಷ ಜನಸಂಖ್ಯೆಯ ಊರಾದರೆ ಗಡಿಯಿಂದ 2 ಕಿ.ಮೀ. ದಾಟಿರಬೇಕು. ಕಡೂರು, ಬೀರೂರು, ತರೀಕೆರೆ, ಅರಸೀಕೆರೆ, ತಿಪಟೂರು ಎಲ್ಲ ಈ ಗುಂಪಿನವು. ಚಿಕ್ಕಮಗಳೂರು 1 ಲಕ್ಷ ದಾಟಿದ್ದರಿಂದ ಅಲ್ಲಿಗೆ 6 ಕಿ.ಮೀ.; ಬೆಂಗಳೂರಿನಂಥ 10 ಲಕ್ಷ ಮೀರಿದ ನಗರಕ್ಕೆ 8 ಕಿ.ಮೀ. 2013 ರ ತಿದ್ದುಪಡಿ ಬಂದ ಮೇಲೆ ರಸ್ತೆ ದೂರ ಲೆಕ್ಕಕ್ಕಿಲ್ಲ, ನೇರ ಗೆರೆ ಎಳೆದು ಅಳೆಯುತ್ತಾರೆ. ಪಂಚನಹಳ್ಳಿಯ ಹೊಲ, ತೋಟಗಳು ಈ ಮಿತಿಯಿಂದ ಬಹಳ ಆಚೆ ಇವೆ.

ಅಲಿನೇಷನ್ ಮಾಡಿಸುವ ಮುನ್ನ

"ಅಲಿನೇಷನ್ ಮಾಡಿಸಿಕೊಡಿ, ರೇಟು ಜಾಸ್ತಿ ಕೊಡ್ತೀವಿ" ಅನ್ನುವವರಿದ್ದಾರೆ. ನಿಮ್ಮ ಹೆಸರಿನಲ್ಲೇ ಭೂಪರಿವರ್ತನೆ ಆದ ಮೇಲೆ ಅದು ಕೃಷಿಭೂಮಿ ಅಂತ ವಾದಿಸುವುದು ಕಷ್ಟ, ವಿನಾಯಿತಿ ಕೈತಪ್ಪಬಹುದು. ನೀವೇ ಬಡಾವಣೆ ಮಾಡಿ ಸೈಟು ಮಾರಿದರಂತೂ ವ್ಯಾಪಾರದ ಲಾಭ ಅಂತ ಹಿಡಿಯುವ ಸಾಧ್ಯತೆ ಇದೆ. ಹೆಚ್ಚಿಗೆ ಸಿಗುವ ರೇಟಿನಲ್ಲಿ ತೆರಿಗೆ ಕಳೆದು ಉಳಿಯುವುದೆಷ್ಟು ಅಂತ ಮೊದಲೇ ನೋಡಿ.

ಹಿಟ್ಟಿನ ಗಿರಣಿ, ಎಣ್ಣೆ ಗಾಣ, ಮಳಿಗೆ ಇಟ್ಟುಕೊಂಡವರೂ ನಮ್ಮಲ್ಲಿದ್ದಾರೆ. ಗ್ರಾಮಠಾಣದ ಮಳಿಗೆ, ಸೈಟು ಹಳ್ಳಿಯೊಳಗೇ ಇದ್ದರೂ ಬಂಡವಾಳ ಆಸ್ತಿ. ಸವಕಳಿ ತೋರಿಸಿದ ಯಂತ್ರವನ್ನು ಪುಸ್ತಕದ ಬೆಲೆಗಿಂತ ಹೆಚ್ಚಿಗೆ ಮಾರಿದರೆ, ಅದು ಎಷ್ಟೇ ಹಳೆಯದಾದರೂ ಲಾಭ 'ಅಲ್ಪಾವಧಿ'ಯದ್ದೇ. ಅದು ನಿಮ್ಮ ಆದಾಯಕ್ಕೆ ಸೇರಿಕೊಳ್ಳುತ್ತದೆ.

ಪಟ್ಟಣದ ಅಂಚಿನ ಜಮೀನಾದರೆ

ತೆರಿಗೆ ಬರುವ ಜಮೀನನ್ನು 2 ವರ್ಷಕ್ಕಿಂತ ಹೆಚ್ಚು ಇಟ್ಟುಕೊಂಡಿದ್ದರೆ ಲಾಭ ದೀರ್ಘಾವಧಿಯದು. 2024 ರ ಜುಲೈ 23 ರಿಂದ ಅದರ ದರ ಶೇ. 12.5, ಹಣದುಬ್ಬರದ ಸೂಚ್ಯಂಕ ಇಲ್ಲ. ಆದರೆ ಆ ದಿನಕ್ಕೆ ಮೊದಲೇ ನಿಮ್ಮದಾಗಿದ್ದ ಭೂಮಿ, ಕಟ್ಟಡಕ್ಕೆ ಸೂಚ್ಯಂಕ ಸೇರಿಸಿ ಶೇ. 20 ರಂತೆಯೂ ಲೆಕ್ಕ ಹಾಕಿ, ಯಾವುದು ಕಡಿಮೆಯೋ ಅದನ್ನು ಕಟ್ಟಬಹುದು.

ಒಂದು ಲೆಕ್ಕ ನೋಡೋಣ. ಕಡೂರಿನ ಅಂಚಿನಲ್ಲಿ ಪಿತ್ರಾರ್ಜಿತ ಜಮೀನು. 2001 ರ ಏಪ್ರಿಲ್ 1 ರ ಬೆಲೆ 5 ಲಕ್ಷ. 2025–26 ರಲ್ಲಿ ಮಾರಿದ್ದು 25 ಲಕ್ಷಕ್ಕೆ ಎಂದಿಟ್ಟುಕೊಳ್ಳಿ. ಸೂಚ್ಯಂಕ 2001–02 ಕ್ಕೆ 100, 2025–26 ಕ್ಕೆ 376. ಹಾಗಾಗಿ 5 ಲಕ್ಷ 18.8 ಲಕ್ಷ ಆಗುತ್ತದೆ. ಲಾಭ 6.2 ಲಕ್ಷ, ಶೇ. 20 ರಂತೆ ತೆರಿಗೆ 1.24 ಲಕ್ಷ. ಸೂಚ್ಯಂಕ ಬಿಟ್ಟರೆ ಲಾಭ 20 ಲಕ್ಷ, ಶೇ. 12.5 ರಂತೆ 2.5 ಲಕ್ಷ. ಅರ್ಧಕ್ಕರ್ಧ ವ್ಯತ್ಯಾಸ! ಈಚೆಗೆ ಕೊಂಡು ಬೆಲೆ ಬಹಳ ಏರಿದ ಜಮೀನಿಗೆ ಇದು ತಿರುಗುಮುರುಗಾಗಬಹುದು. ಎರಡೂ ಲೆಕ್ಕ ಹಾಕಿಸಿ.

"12 ಲಕ್ಷದವರೆಗೆ ತೆರಿಗೆ ಇಲ್ವಲ್ಲ" ಅಂತ ನೆಚ್ಚಿಕೊಳ್ಳಬೇಡಿ. ಆ ರಿಯಾಯಿತಿ ಈ ಲಾಭಕ್ಕೆ ಅನ್ವಯಿಸದು.

ತೆರಿಗೆ ಉಳಿಸಲು ಕಾನೂನೇ ಕೊಟ್ಟ ದಾರಿಗಳು:

• ಜಮೀನಿಗೆ ಜಮೀನು. ಮಾರುವುದಕ್ಕೆ ಹಿಂದಿನ 2 ವರ್ಷ ನೀವೋ ನಿಮ್ಮ ತಂದೆತಾಯಿಯೋ ಅಲ್ಲಿ ಸಾಗುವಳಿ ಮಾಡಿದ್ದು, ಮಾರಿದ 2 ವರ್ಷದೊಳಗೆ ಬೇರೆ ಕೃಷಿಭೂಮಿ ಕೊಂಡರೆ, ಅದಕ್ಕೆ ಹಾಕಿದಷ್ಟು ಲಾಭಕ್ಕೆ ತೆರಿಗೆ ಇಲ್ಲ. 1961 ರ ಕಾಯ್ದೆಯಲ್ಲಿ ಇದು 54ಬಿ ಕಲಮು. 2026 ರ ಏಪ್ರಿಲ್ 1 ರಿಂದ ಲೆಕ್ಕಕ್ಕೆ ಬರುವ ಹೊಸ ಕಾಯ್ದೆಯಲ್ಲಿ ಸಂಖ್ಯೆ ಬೇರೆ, ಸೌಲಭ್ಯ ಉಳಿದಿದೆ. ಹೊಸ ಜಮೀನನ್ನು 3 ವರ್ಷ ಮಾರಬಾರದು.

• ರಿಟರ್ನ್ ಸಲ್ಲಿಸುವ ಹೊತ್ತಿಗೆ ಜಮೀನು ಸಿಕ್ಕಿರದಿದ್ದರೆ ಹಣವನ್ನು ಬ್ಯಾಂಕಿನ 'ಕ್ಯಾಪಿಟಲ್ ಗೇನ್ಸ್' ಖಾತೆಯಲ್ಲಿಡಬೇಕು. ಮಾಮೂಲಿ ಉಳಿತಾಯ ಖಾತೆ ಸಾಲದು.

• ಜಮೀನು ಬೇಡವಾದರೆ 6 ತಿಂಗಳೊಳಗೆ ಆರ್‌ಇಸಿ, ಪಿಎಫ್‌ಸಿಯಂಥ ಸಂಸ್ಥೆಗಳ ಬಾಂಡು. ಮಿತಿ 50 ಲಕ್ಷ. 5 ವರ್ಷ ಹಣ ತೆಗೆಯುವಂತಿಲ್ಲ.

ಹೆದ್ದಾರಿ, ಕಾಲುವೆಗೆ ಹೋದ ಭೂಮಿ

ತುಮಕೂರು–ಶಿವಮೊಗ್ಗ ಹೆದ್ದಾರಿಗೆ, ಭದ್ರಾ ಮೇಲ್ದಂಡೆ ಕಾಲುವೆಗೆ ನಮ್ಮ ಸುತ್ತಿನ ಅನೇಕರ ಭೂಮಿ ಹೋಗಿದೆ. 2013 ರ ಭೂಸ್ವಾಧೀನ ಕಾಯ್ದೆಯಡಿ ಬಂದ ಪರಿಹಾರಕ್ಕೆ ಅದರ 96 ನೇ ಕಲಮಿನಂತೆ ತೆರಿಗೆ ಇಲ್ಲ. 2016 ರಲ್ಲಿ ಕೇಂದ್ರ ನೇರ ತೆರಿಗೆ ಮಂಡಳಿಯೂ ಸುತ್ತೋಲೆ ಹೊರಡಿಸಿ ಇದನ್ನು ಸ್ಪಷ್ಟಪಡಿಸಿತು. ಕೃಷಿಭೂಮಿಯ ಪರಿಹಾರದಲ್ಲಿ ಟಿಡಿಎಸ್ ಹಿಡಿಯುವಂತಿಲ್ಲ. ಹಿಡಿದಿದ್ದರೆ ರಿಟರ್ನ್ ಹಾಕಿ ವಾಪಸು ಪಡೆಯಿರಿ. ನಿಮ್ಮ ಅವಾರ್ಡು ಯಾವ ಕಾಯ್ದೆಯಡಿ ಆಗಿದೆ ಅನ್ನುವುದನ್ನು ಮಾತ್ರ ಓದಿ ನೋಡಿಕೊಳ್ಳಿ.

ಕಾಗದವೇ ಸಾಕ್ಷಿ

ಸಾಗುವಳಿ ನಡೆದಿತ್ತು ಎನ್ನಲು ಬೆಳೆ ಕಾಲಂ ತುಂಬಿದ ಪಹಣಿ ಬೇಕು. ಪಾಳು ಅಂತ ಬರೆದಿದ್ದರೆ ಮಾರುವ ಮುಂಚೆಯೇ ಸರಿಪಡಿಸಿಕೊಳ್ಳಿ. ಅರಸೀಕೆರೆ, ತಿಪಟೂರು ಮಾರುಕಟ್ಟೆಯ ಕೊಬ್ಬರಿ ಪಟ್ಟಿ, ಗೊಬ್ಬರದ ಬಿಲ್ಲು ಎಸೆಯಬೇಡಿ. ಪುರಸಭೆ ಗಡಿಯಿಂದ ಎಷ್ಟು ದೂರ ಅನ್ನುವುದಕ್ಕೆ ತಾಲ್ಲೂಕು ಕಚೇರಿಯಿಂದ ಪತ್ರ ಪಡೆದಿಡಿ.

ಕ್ರಯಪತ್ರದಲ್ಲಿ ಕಡಿಮೆ ಬೆಲೆ ಬರೆಸಿ ಉಳಿದದ್ದನ್ನು ನಗದು ತೆಗೆದುಕೊಳ್ಳುವ ರೂಢಿ ಮಾರುವವನಿಗೇ ಅಪಾಯ. 20 ಸಾವಿರ ಅಥವಾ ಅದಕ್ಕೂ ಮೇಲೆ ನಗದು ಪಡೆದರೆ ಅಷ್ಟೇ ಮೊತ್ತದ ದಂಡ ಬೀಳುವುದು ಪಡೆದವನ ಮೇಲೆ. ಕೊಡುವವರು, ಪಡೆಯುವವರು ಇಬ್ಬರಿಗೂ ಕೃಷಿ ಆದಾಯವಿದ್ದು ತೆರಿಗೆಯ ಆದಾಯ ಇಲ್ಲದಿದ್ದರೆ ಮಾತ್ರ ವಿನಾಯಿತಿ. ಹಳ್ಳಿ ಜಮೀನಿಗೆ ತೆರಿಗೆಯೇ ಇಲ್ಲದಿರುವಾಗ ಬೆಲೆ ಮುಚ್ಚಿಟ್ಟು ನಮಗೆ ಲಾಭವೇನು? ಪೂರ್ತಿ ಬೆಲೆ ಬರೆಸಿ, ಬ್ಯಾಂಕಿನ ಮೂಲಕವೇ ಪಡೆಯಿರಿ. ಆಡಿಟರ ಬಳಿ ಹೋಗುವುದು ಅಡ್ವಾನ್ಸ್ ಪಡೆಯುವ ಮೊದಲಿರಲಿ.